ಬ್ರೆಡ್ ವ್ಯಾನಿನ ಬಿಸಿಲು

ಸೋಲಾರ್ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಕಾಲಿಟ್ಟ ಮೇಲೆಯೇ ಲಾಂಡ್ರಿಯಕ್ಕನಿಗೆ ತನ್ನ ಕಾಲು ಕಣ್ಣಿಗೆ ಬಿದ್ದದ್ದು. ಎಡಗಾಲಲ್ಲಿ ಅವಳದೇ ಚಪ್ಪಲಿ, ಬಲಗಾಲಲ್ಲಿ ಮಗಳದು. ಹೊರಡುವ ಸಡಗರದಲ್ಲಿ ಕೈಗೆ, ಅಲ್ಲ, ಕಾಲಿಗೆ ಸಿಕ್ಕಿದ್ದನ್ನು ಮೆಟ್ಟಿಕೊಂಡು ಬಂದಿದ್ದಳು. ಬೇರೆ ಯಾರಾದರೂ ಆಗಿದ್ದರೆ ನಾಚಿಕೊಂಡು ಮೂಲೆ ಹಿಡಿಯುತ್ತಿದ್ದರು. ಅಕ್ಕ ಸೀರೆಯ ನೆರಿಗೆಯನ್ನು ಒಂದಿಷ್ಟು ಕೆಳಕ್ಕೆ ಎಳೆದುಕೊಂಡು, ಸೀದಾ ಹೋಗಿ ಗೋಡೆಗೆ ಒರಗಿಸಿಟ್ಟಿದ್ದ ನೀಲಿ ಹಲಗೆಗಳನ್ನು ಮುಟ್ಟಿ ನೋಡಲು ಶುರುಮಾಡಿದಳು.

ಅಕ್ಕ ಅಂದರೆ ಇಡೀ ಬೀದಿಗೆ ಅಕ್ಕ. ಮನೆಯ ಮುಂಭಾಗದಲ್ಲಿ ಲಾಂಡ್ರಿ, ಹಿಂದೆ ಒಗೆಯುವ ಮೆಷಿನುಗಳು, ತಾರಸಿಯ ತುಂಬ ಒಣಹಾಕುವ ತಂತಿಗಳು. ಪ್ರಾಯವನ್ನೆಲ್ಲ ಬಿಸಿಲಿನ ಬೆನ್ನುಹತ್ತಿಯೇ ಕಳೆದವಳು ಅವಳು. ಬೆಳಿಗ್ಗೆ ಮೆಟ್ಟಿಲ ಕಡೆಯ ತಂತಿ, ಮಧ್ಯಾಹ್ನ ನಡುವಿನದು, ಇಳಿಹೊತ್ತಿಗೆ ನೀರಿನ ಟ್ಯಾಂಕಿನ ಪಕ್ಕದ್ದು. ಬಿಸಿಲು ಸರಿದ ಹಾಗೆ ಹೊದಿಕೆಗಳನ್ನು ಸರಿಸುತ್ತ ಹೋಗುವುದಕ್ಕೆ ಅವಳು ಯೋಚಿಸಬೇಕಾಗಿಯೇ ಇರಲಿಲ್ಲ. ಗಂಡ ಬಸ್ ಡ್ರೈವರು. ಪ್ರವಾಸಿಗರನ್ನು ಬೆಟ್ಟದ ಮೇಲಿನ ಕೆರೆಗೆ ಕರೆದೊಯ್ಯುವ ಬಸ್ಸು. ರಜೆ ಬಂತೆಂದರೆ ಅವರಿಗೆ ಡ್ಯೂಟಿ, ಅವಳಿಗೆ ಹೋಟೆಲುಗಳಿಂದ ಬರುವ ಬಟ್ಟೆಯ ರಾಶಿ. ಹಾಗಾಗಿ ಊರಿನ ಮಂದಿಯನ್ನೆಲ್ಲ ಕೆರೆಗೆ ಹೊತ್ತು ಹಾಕಿದ ಮಹಾರಾಯರು ಕಟ್ಟಿಕೊಂಡ ಹೆಂಡತಿಯನ್ನು ಮಾತ್ರ ಒಂದು ಸಲವೂ ಅಲ್ಲಿಗೆ ಕರೆದೊಯ್ದಿರಲಿಲ್ಲ.

ಕರೆದೊಯ್ಯದಿದ್ದರೆ ಹಾಳಾಗಿ ಹೋಗಲಿ, ವರ್ಣಿಸುವುದನ್ನಾದರೂ ಬಿಡಬೇಕಲ್ಲ. ಪ್ರತಿ ಸಲ ಮನೆಗೆ ಬಂದಾಗಲೂ ಅದೇ ಕತೆ. ಪ್ರಯಾಣಿಕರೆಲ್ಲ ವಸತಿಗೃಹದಲ್ಲಿ, ಡ್ರೈವರು ಕೆರೆಯ ದಂಡೆಯಲ್ಲಿ, ಬಸ್ಸಿನ ಹಿಂದಿನ ಸೀಟಿನ ಮೇಲೆ. ಬೆಳಕು ಹರಿಯುವ ಮುಂಚೆಯೇ ಎಚ್ಚರವಾಗುತ್ತಿತ್ತಂತೆ. "ಮೊದ್ಲು ನೀರು ಕಾಣೋದೇ ಇಲ್ಲ ಕಣೆ. ಬರೀ ಮಂಜು. ಆಮೇಲೆ ಎಲ್ಲೋ ಒಂದು ಹಕ್ಕಿ ರೆಕ್ಕೆ ಬಡಿಯುತ್ತೆ. ಆಮೇಲೆ ನೋಡು, ಕೆಳಗಿಂದ ಯಾರೋ ದೀಪ ಹಚ್ಚಿದ ಹಾಗೆ ನೀರೇ ಕೆಂಪಗಾಗುತ್ತೆ." ಕೊನೆಗೆ ತಪ್ಪದೆ ಒಂದು ಮಾತು: "ನೀನಿರಬೇಕಿತ್ತು ಕಣೆ." ಅಕ್ಕ ಇಸ್ತ್ರಿ ಮಾಡುತ್ತಲೇ ಹೂಂಗುಟ್ಟುತ್ತಿದ್ದಳು. ಒಳಗೊಳಗೇ ಮೈ ಉರಿಯುತ್ತಿತ್ತು. ಇರಬೇಕಿತ್ತಂತೆ! ಕರೆದಿದ್ದರೆ ತಾನೇ ಇರುವುದು?

ಡ್ರೈವರು ನಿವೃತ್ತರಾದರು, ಲಾಂಡ್ರಿ ಮಗಳ ಕೈಗೆ ಹೋಯಿತು. ಇನ್ನೇನು ಹೊರಡೋಣ ಅನ್ನುವಷ್ಟರಲ್ಲಿ ಡ್ರೈವರ ಉಸಿರು ಕೈಕೊಟ್ಟಿತು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಂತೇಹೋಗುತ್ತಿತ್ತು. ಅಕ್ಕ ಗಾಬರಿಯಿಂದ ತಿವಿದರೆ ಎದ್ದು ಕೂತು ಏದುಸಿರು ಬಿಡುತ್ತಿದ್ದರು. ಡಾಕ್ಟರ ಹತ್ತಿರ ಹೋದಾಗ, ಹೀಗೆ ಎಚ್ಚರವಾಗುವುದು ಯಾವಾಗಿನಿಂದ ಎಂದು ಕೇಳಿದರು. "ಬಸ್ಸಿನ ಕಾಲದಿಂದಲೂ ಇದೆ ಡಾಕ್ಟ್ರೇ. ಬೆಳಗಿನ ಜಾವ ಯಾರೋ ಕತ್ತು ಹಿಸುಕಿದ ಹಾಗಾಗಿ ಎದ್ದುಬಿಡ್ತಿದ್ದೆ" ಎಂದರು ಡ್ರೈವರು, ಬಸ್ಸಿನ ಟೈರು ಸವೆದ ಸುದ್ದಿ ಹೇಳುವವರ ಹಾಗೆ. ಆ ಮಾತು ಅಕ್ಕನ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಅವಳ ಕಣ್ಣೆಲ್ಲ ಮೇಜಿನ ಮೇಲಿದ್ದ ಮೆಷಿನಿನ ಮೇಲೆ ನೆಟ್ಟಿತ್ತು. ಪುಟ್ಟ ಪೆಟ್ಟಿಗೆ, ಅದಕ್ಕೊಂದು ಕೊಳವೆ, ಕೊಳವೆಯ ತುದಿಗೆ ಮೂಗಿನ ಮಾಸ್ಕು. ರಾತ್ರಿಯೆಲ್ಲ ಅದು ಗಾಳಿ ಊದುತ್ತಿದ್ದರೆ ಗಂಟಲು ಮುಚ್ಚುವುದಿಲ್ಲ. ಒಳ್ಳೆಯದೇ. ಆದರೆ ಅದಕ್ಕೆ ಗೋಡೆಯ ಪ್ಲಗ್ಗು ಬೇಕು. ಅಂದಿನಿಂದ ಡ್ರೈವರನ್ನು ಗೋಡೆಗೆ ಕಟ್ಟಿಹಾಕಿದಂತಾಯಿತು. ಕೆರೆಯ ದಂಡೆಯಲ್ಲಿ ಎಲ್ಲಿಂದ ಬರಬೇಕು ಗೋಡೆ?

ಆಗ ಬಂತು ಬ್ರೆಡ್ ವ್ಯಾನು. ಬೇಕರಿಯವರು ಮಾರುತ್ತಿದ್ದ ಹಳೆಯ ಗಾಡಿ. ಡ್ರೈವರು ಅದನ್ನು ತಂದು ಮನೆಯ ಮುಂದೆ ನಿಲ್ಲಿಸಿ, ಒಳಗೆ ಮಂಚ ಕೂರಿಸಿ, ಕಪಾಟು ಹೊಡೆದು, ಒಲೆಗೆ ಕಟ್ಟೆ ಕಟ್ಟಿದರು. ಅಕ್ಕ ಕಿಟಕಿಗಳಿಗೆ ಪರದೆ ಹೊಲಿದಳು. ಎಷ್ಟು ತೊಳೆದರೂ ಬಿಸಿಲೇರಿದಾಗ ಗಾಡಿಯಿಂದ ಇನ್ನೂ ಬ್ರೆಡ್ಡಿನ ವಾಸನೆ ಹೊಡೆಯುತ್ತಿತ್ತು. ಮಗಳಿಗೆ ಇದೊಂದೂ ಸರಿಬರಲಿಲ್ಲ. ಬೆಟ್ಟದ ಮೇಲೆ ಮೆಷಿನು ನಿಂತುಹೋದರೆ ಯಾರನ್ನು ಕರೆಯುವುದು ಎಂಬುದು ಅವಳ ಪ್ರಶ್ನೆ. ತಪ್ಪು ಪ್ರಶ್ನೆಯಂತೂ ಅಲ್ಲ. ಕೊನೆಗೆ ಒಂದು ಕರಾರು ಮಾಡಿದಳು. "ಮನೆ ಕರೆಂಟು ಮುಟ್ಟದೆ, ಗಾಡಿಯಲ್ಲೇ ಎರಡು ರಾತ್ರಿ ಬಿಡದೆ ಮಲಗಿ ತೋರಿಸಿ ಅಪ್ಪ. ಮೆಷಿನ್ ಓಡಿದ್ರೆ ನಾನೇ ಕೈ ಬೀಸಿ ಕಳಿಸ್ತೀನಿ. ನಿಂತ್ರೆ ಗಾಡಿ ಕ್ಯಾಂಟೀನಿನವನಿಗೆ." ಬೀದಿಯ ಕೊನೆಯ ಕ್ಯಾಂಟೀನಿನವನು ಓಡಾಡುವ ಚಹಾ ಅಂಗಡಿ ಮಾಡಬೇಕೆಂದು ಆ ವ್ಯಾನಿನ ಮೇಲೆ ಮೊದಲೇ ಕಣ್ಣು ಹಾಕಿದ್ದ. ಡ್ರೈವರು ಮೀಸೆ ತಿರುವಿ ಒಪ್ಪಿಕೊಂಡರು. ಅಕ್ಕನ ಎದೆ ಧಸಕ್ಕೆಂದಿತು. ಆದರೂ ಅವಳೂ ಒಪ್ಪಿಕೊಂಡಳು. ಇಲ್ಲದಿದ್ದರೆ ಅವಳ ಪಾಲಿಗೆ ಕೆರೆ ಎಂದೆಂದಿಗೂ ಗಂಡನ ಬಾಯಲ್ಲೇ ಉಳಿಯುತ್ತಿತ್ತು.

ಹಾಗಾಗಿಯೇ ಈ ಅಂಗಡಿ, ಹಾಗಾಗಿಯೇ ಈ ಜೋಡಿಯಲ್ಲದ ಚಪ್ಪಲಿ.

ಅಂಗಡಿಯ ಒಡತಿ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಬಂದಳು. ನಗುಮೊಗದ ಹೆಂಗಸು, ಕೈಯಲ್ಲೊಂದು ಟೆಸ್ಟರು. "ಏನೇನು ಓಡಿಸ್ಬೇಕು ಸರ್?" ಎಂದು ಕೇಳಿದಳು.

ಕೇಳಿದ್ದೇ ತಡ, ಡ್ರೈವರು ಅರಮನೆಗೆ ಬೆಳಕು ಹಾಕಿಸುವವರ ಹಾಗೆ ಶುರುಮಾಡಿದರು. "ಟೀವಿ ಹಾಕ್ಕೊಳ್ಳಿ. ಮಿಕ್ಸಿ. ಫ್ಯಾನು. ನೀರು ಕಾಯಿಸೋ ಕೆಟಲ್ಲು. ಫ್ರಿಜ್ಜು ಸಣ್ಣದಾದ್ರೂ ಪರವಾಗಿಲ್ಲ."

"ಇಸ್ತ್ರಿಪೆಟ್ಟಿಗೆ" ಎಂದಳು ಅಕ್ಕ.

"ಕೆರೆ ದಂಡೇಲಿ ಯಾರಿಗೆ ಇಸ್ತ್ರಿ ಮಾಡ್ತೀಯ, ಮೀನಿಗಾ?"

"ಮುದುಡಿದ ಬಟ್ಟೆ ಹಾಕ್ಕೊಂಡು ನಾನೆಲ್ಲೂ ಹೋಗಲ್ಲ. ಹೋಗಿಲ್ಲ."

ಒಡತಿ ಇಬ್ಬರನ್ನೂ ಮಾತಾಡಲು ಬಿಟ್ಟು, ಕೊನೆಗೆ, "ಇದರಲ್ಲಿ ಯಾವುದು ನಿಂತ್ರೆ ನಿಮ್ಮ ಪ್ರವಾಸ ನಿಲ್ಲುತ್ತೆ?" ಎಂದು ಕೇಳಿದಳು. ಅಕ್ಕ ಚೀಲದಿಂದ ಉಸಿರಿನ ಮೆಷಿನನ್ನು ತೆಗೆದು, ಮಗುವನ್ನು ಇಳಿಸುವ ಹಾಗೆ ಮೇಜಿನ ಮೇಲಿಟ್ಟಳು.

ಅಲ್ಲಿಂದ ಮುಂದೆ ಮಾತು ಚುರುಕಾಯಿತು. ಒಡತಿ ಮೆಷಿನನ್ನು ಮಗುಚಿ ಅಡಿಯ ಅಕ್ಷರ ಓದಿದಳು. ಕೆಟಲ್ಲು, ಇಸ್ತ್ರಿಪೆಟ್ಟಿಗೆಗಳಿಗೆ ಹೋಲಿಸಿದರೆ ಇದು ಕುಡಿಯುವ ಕರೆಂಟು ಏನೂ ಅಲ್ಲವೆಂದಳು. ಬಿಸಿ ಮಾಡುವ ಸಾಮಾನುಗಳೇ ಬ್ಯಾಟರಿಯನ್ನು ನೆಕ್ಕಿಹಾಕುವುದು, ಅವನ್ನು ಬ್ಯಾಟರಿಗೆ ಹಾಕದೆ ಗ್ಯಾಸ್ ಒಲೆಯಲ್ಲಿ ನೀರು ಕಾಯಿಸಿಕೊಳ್ಳಿ ಅಂದಳು. ಡ್ರೈವರು ಇನ್ವರ್ಟರುಗಳ ಸಾಲಿನಲ್ಲಿ ಎಲ್ಲಕ್ಕಿಂತ ದಪ್ಪದ್ದರ ಮುಂದೆ ಹೋಗಿ ನಿಂತರು.

"ಇದು ಕೊಡಿ. ಗಂಡು ಇನ್ವರ್ಟರು."

"ಅದು ಸುಮ್ನೆ ಕೂತಿದ್ರೂ ಕರೆಂಟು ತಿನ್ನುತ್ತೆ ಸರ್. ನಿಮಗೆ ಬೇಕಾಗಿರೋದು ಈ ಚಿಕ್ಕದು. ಮನೇಲಿ ಬರೋ ಥರಾನೇ ಕರೆಂಟಿನ ಅಲೆ ಸರಾಗವಾಗಿ ಬರುತ್ತೆ. ಅಗ್ಗದ್ದರಲ್ಲಿ ಅಲೆ ಒರಟು, ಮೆಷಿನ್ ಗುಂಯ್ ಅನ್ನುತ್ತೆ, ಬೇಗ ಕೆಡುತ್ತೆ. ಇನ್ನೂ ಒಂದು ಮಾತು. ಈ ಮೆಷಿನಿಗೆ ಬ್ಯಾಟರಿಯಿಂದ ನೇರ ಹಾಕೋ ವೈರೂ ಸಿಗುತ್ತೆ. ರಾತ್ರಿ ಅದರಲ್ಲಿ ಓಡಿಸಿ. ಇನ್ವರ್ಟರ್ ಆಫ್ ಮಾಡಿ ಮಲಗಿ. ಅದು ಬೆಳಿಗ್ಗೆ ಮಿಕ್ಸಿಗೆ ಸಾಕು."

ಅಕ್ಕನಿಗೆ ಹಸಿವೆಯೇ ಸತ್ತುಹೋಗಿತ್ತು, ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಈ ಹೆಂಗಸು ಆಗುವುದಿಲ್ಲ ಅಂತ ಹೇಳುತ್ತಲೇ ಇಲ್ಲವಲ್ಲ! ಮಗಳು, ನೆಂಟರು, ಬೀದಿಯವರು ಎಲ್ಲರ ಬಾಯಲ್ಲೂ ಕೇಳಿದ್ದು ಬರೀ ಆಗದು, ಹೋಗದು. ಇಲ್ಲಿ ಒಬ್ಬಳು ಯಾವ ವೈರು ಎಲ್ಲಿಗೆ ಎಂದು ಹೇಳುತ್ತಿದ್ದಾಳೆ. ಕೆರೆ ಈ ಅಂಗಡಿಯ ಹಿಂದಿನ ಬಾಗಿಲಿನಾಚೆಗೇ ಇದೆಯೇನೋ ಅನ್ನಿಸಿಬಿಟ್ಟಿತು ಅವಳಿಗೆ.

ಪ್ಯಾನೆಲ್ ಆರಿಸುವಾಗ ಮಾತ್ರ ಸಣ್ಣ ಜಟಾಪಟಿ. ಒಂದು ಬಗೆ ಗಾಜಿನದು, ಗಟ್ಟಿ ಚೌಕಟ್ಟು, ಗಾಡಿಯ ಮಾಡಿಗೆ ಬೋಲ್ಟು ಹಾಕಿ ಕೂರಿಸುವಂಥದು. ಇನ್ನೊಂದು ದಪ್ಪ ಬಟ್ಟೆಗೆ ಹೊಲಿದದ್ದು, ಹಿಡಿಕೆ ಇರುವಂಥದು, ಮಡಚಿ ಇಟ್ಟುಕೊಂಡು ಬೇಕಾದಲ್ಲಿ ಬಿಡಿಸುವಂಥದು. ಅಕ್ಕ ಎರಡನೆಯದನ್ನು ಒಮ್ಮೆ ಬಿಡಿಸಿ, ಮತ್ತೆ ಮಡಚಿ, ಅಂಚಿಗೆ ಅಂಚು ಕೂಡಿಸಿ ತಟ್ಟಿದಳು. ಹೊದಿಕೆ ಮಡಚಿದ ಹಾಗೇ ಇತ್ತು.

"ಇದು ಚೆನ್ನಾಗಿದೆ ರೀ."

"ಹೋಗೇ. ಗಾಡಿ ಅಂದ್ಮೇಲೆ ಏನಿದ್ರೂ ಬೋಲ್ಟ್ ಹಾಕಿರಬೇಕು. ಬಿಡಿ ಸಾಮಾನು ಅಂದ್ರೆ ತಿರುವಿನಲ್ಲಿ ತಲೆ ಮೇಲೆ ಬೀಳೋ ಸಾಮಾನು. ಇಷ್ಟು ವರ್ಷ ಬಸ್ಸು ಓಡಿಸಿದವನು ನಾನಾ ನೀನಾ?"

ಬಸ್ಸಿನ ವಿಷಯಕ್ಕೆ ಬಂದರೆ ಅಕ್ಕ ಸೋಲುತ್ತಿದ್ದಳು. ಎರಡು ಗಾಜಿನ ಪ್ಯಾನೆಲ್ಲು, ಚಿಕ್ಕ ಇನ್ವರ್ಟರು, ಒಂದು ಬ್ಯಾಟರಿ, ಗೋಡೆಗೆ ಹಾಕುವ ಮೀಟರು ಗಾಡಿಯೇರಿದವು. ಮೀಟರಿನಲ್ಲಿ ಬ್ಯಾಟರಿಯ ಚಿತ್ರ, ತುಂಬಿದಷ್ಟೂ ಹಸಿರು ಪಟ್ಟಿ. ಅಂಗಡಿಯ ಹಿಂದಿನ ಬಯಲಿನಲ್ಲೇ ಕೂರಿಸಿಕೊಟ್ಟರು. ಕೊನೆಯ ವೈರು ಸಿಕ್ಕಿಸಿದ ಕೂಡಲೇ ಮೀಟರಿನಲ್ಲಿ ಸಣ್ಣದೊಂದು ಸೂರ್ಯನ ಗುರುತು ಮಿಣುಕಿತು. ಅಕ್ಕ ಡ್ರೈವರ ತೋಳು ಹಿಡಿದುಕೊಂಡಳು. "ರೀ, ಬಿಸಿಲು ಒಳಗೆ ಬರ್ತಿದೆ" ಎಂದಳು.

ಮೊದಲ ರಾತ್ರಿ ದಾಟಿತು. ಬ್ಯಾಟರಿ ಅಂಗಡಿಯಿಂದಲೇ ತುಂಬಿಕೊಂಡು ಬಂದಿತ್ತು, ಮೆಷಿನು ಬೆಳಗಿನ ತನಕ ಹದವಾಗಿ ಉಸಿರಾಡಿತು. ಡ್ರೈವರು ಬೆಳಿಗ್ಗೆ ವ್ಯಾನಿನಿಂದ ಇಳಿದದ್ದು ಮದುವೆಗಂಡಿನ ಠೀವಿಯಲ್ಲಿ. ಇನ್ನೇನು, ಹಗಲಿನ ಬಿಸಿಲಿಗೆ ಬ್ಯಾಟರಿ ಮತ್ತೆ ತುಂಬಬೇಕು, ಎರಡನೆಯ ರಾತ್ರಿಯೂ ದಾಟಬೇಕು, ಅಷ್ಟೇ. ಅಕ್ಕ ಆಗಲೇ ಕೆರೆಗೆಂದು ಸೀರೆ ತೆಗೆದಿಟ್ಟಳು, ವಾಪಸು ಇಟ್ಟಳು, ಬೇರೆಯದು ತೆಗೆದಳು.

ಸಂಜೆ ಮೀಟರು ನೋಡಿದರೆ ಹಸಿರು ಪಟ್ಟಿ ಬೆಳಿಗ್ಗೆ ಎಲ್ಲಿತ್ತೋ ಅಲ್ಲಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು. ಹಗಲೆಲ್ಲ ಕಣ್ಣು ಕುಕ್ಕುವ ಬಿಸಿಲು. ಎಲ್ಲಿಗೆ ಹೋಯಿತು ಅದು?

ಮಗಳು ಮೀಟರಿನ ಮುಂದೆ ನಿಂತು ಏನೂ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ಇವತ್ತು ಒಳಗೇ ಮಲಗಿ ಅಪ್ಪ" ಎಂದಷ್ಟೇ ಮೆಲ್ಲಗೆ ಅಂದಳು.

ಮರುದಿನ ಡ್ರೈವರು ಮುಖ ಕೆಂಪಗೆ ಮಾಡಿಕೊಂಡು ವ್ಯಾನನ್ನು ಅಂಗಡಿಗೆ ಓಡಿಸಿದರು. ಬಯಲಿನಲ್ಲಿ ನಿಲ್ಲಿಸಿ ಒಡತಿಯನ್ನು ಕರೆದರೆ, ಮೀಟರಿನಲ್ಲಿ ಪುಟ್ಟ ಸೂರ್ಯ ನಗುತ್ತಿದ್ದಾನೆ, ಪಟ್ಟಿ ಏರುತ್ತಿದೆ. ಒಡತಿ ಗಾಡಿಯ ಮಾಡು ಹತ್ತಿ ಪ್ರತಿ ವೈರನ್ನೂ ಎಳೆದು ನೋಡಿದಳು. ಎಲ್ಲ ಸರಿ. ಮನೆಗೆ ತಂದು ನಿಲ್ಲಿಸಿದರೆ ಮತ್ತೆ ಅದೇ ಹಾಡು. ಆಮೇಲೊಂದು ದಿನ ಮತ್ತೆ ಅಂಗಡಿಗೆ, ಅಲ್ಲಿ ಮತ್ತೆ ಎಲ್ಲ ಸರಿ. ಡಾಕ್ಟರ ಬಾಗಿಲಿಗೆ ಹೋದ ಕೂಡಲೇ ಜ್ವರ ಬಿಡುತ್ತದಲ್ಲ, ಹಾಗೆ. ಡ್ರೈವರು ಬೇಕರಿಯವರನ್ನು ಬೈದರು, ಒಡತಿಯನ್ನು ಬೈದರು. ಕೊನೆಗೆ ಕ್ಯಾಂಟೀನಿನವನು ಬಂದು ಕದ್ದು ವೈರು ಕೀಳುತ್ತಿದ್ದಾನೆಂದು ಅನುಮಾನಪಟ್ಟರು. ಅವನ ನಡತೆಯೂ ಹಾಗೇ ಇತ್ತು ಬಿಡಿ. ದಿನಾ ಬಂದು ವ್ಯಾನಿನ ಕಿಟಕಿಗೆ ಗೇಣು ಹಾಕಿ ಅಳೆದು, "ಇಲ್ಲಿ ಕೌಂಟರು ಚೆನ್ನಾಗಿ ಕೂರುತ್ತೆ" ಅಂತ ತನ್ನಷ್ಟಕ್ಕೆ ಹೇಳಿಕೊಂಡು ಹೋಗುತ್ತಿದ್ದ. ಅಕ್ಕ ಹೊಲಿದ ಪರದೆಯನ್ನು ಒಂದು ದಿನ ಪಕ್ಕಕ್ಕೆ ಸರಿಸಿಯೂ ನೋಡಿದ. ಅಕ್ಕನಿಗೆ ಅವನ ಕೈಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಡಬೇಕೆನ್ನಿಸಿತು.

ವಾರದ ಕೊನೆಗೆ ಅವನು ಬಂದು ಗಾಡಿ ಒಯ್ಯುವುದೆಂದು ಮಾತಾಯಿತು. ಡ್ರೈವರು ಆ ಸಂಜೆ ವ್ಯಾನಿನ ಮೆಟ್ಟಿಲ ಮೇಲೆ ಕೂತು, ತಮಗೆ ಹೇಳಿಕೊಳ್ಳುವಂತೆ, "ನೀನು ನೋಡ್ಬೇಕಿತ್ತು ಕಣೆ ಅದನ್ನ" ಎಂದರು. ಪ್ರತಿ ಸಲ ಹೇಳುವ ಹಾಗಲ್ಲ, ಬೇರೆಯೇ ದನಿಯಲ್ಲಿ. ಅಕ್ಕನಿಗೆ ಅಳು ಬಂತು. ಅಳುವ ಬದಲು ಒಗೆದ ಬಟ್ಟೆಗಳನ್ನು ಎಣಿಸಿದಳು, ತಪ್ಪಿದಳು, ಮತ್ತೆ ಎಣಿಸಿದಳು.

ಮಾರನೆಯ ದಿನ ಅವಳು ತಾರಸಿಯ ಮೇಲಿದ್ದಳು. ಹೋಟೆಲಿನ ಹೊದಿಕೆಗಳು ಬಂದಿದ್ದವು, ಮಗಳಿಗೆ ಒಬ್ಬಳಿಗೇ ಆಗುತ್ತಿರಲಿಲ್ಲ. ಬಿಸಿಲು ಮೆಟ್ಟಿಲ ಕಡೆಯಿಂದ ನಡುವಿಗೆ ಸರಿದಿತ್ತು. ಒಂದು ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು, ನೆರಳು ಎಲ್ಲಿಯವರೆಗೆ ಬಂತೆಂದು ನೋಡಲು ಕೆಳಗೆ ಬಗ್ಗಿದಳು. ಕೆಳಗೆ ಬೀದಿ. ಬೀದಿಯ ಅಂಚಿನಲ್ಲಿ ಹಳೆಯ ಮರ. ಮರದ ಕೆಳಗೆ, ಕೊಂಬೆಯೊಂದರ ನೇರ ಅಡಿಯಲ್ಲಿ, ಎಲೆಗಳ ಚುಕ್ಕಿ ನೆರಳನ್ನು ಮೈತುಂಬ ಹೊದ್ದುಕೊಂಡು ತಂಪಾಗಿ ನಿಂತಿತ್ತು ಬ್ರೆಡ್ ವ್ಯಾನು.

ಅಕ್ಕ ಹೊದಿಕೆಯನ್ನು ಕೆಳಗೆ ಬಿಟ್ಟಳು. ಒಗೆದ ಬಟ್ಟೆಯನ್ನು ಅವಳು ನೆಲಕ್ಕೆ ಬಿಟ್ಟದ್ದು ಅದೇ ಮೊದಲು.

"ರೀ, ಮೇಲೆ ಬನ್ನಿ."

"ಮಂಡಿ ನೋವು ಕಣೆ. ಅಲ್ಲಿಂದಲೇ ಹೇಳು."

"ಬನ್ನಿ ಅಂದ್ರೆ ಬನ್ನಿ."

ಡ್ರೈವರು ಗೊಣಗುತ್ತ ಹತ್ತಿಬಂದರು. ಅಕ್ಕ ನಗು ತಡೆದುಕೊಂಡು ಬೆರಳು ತೋರಿಸಿದಳು.

"ಏನು ಕಾಣ್ತಿದೆ?"

"ನಮ್ಮ ವ್ಯಾನು."

"ಪ್ಯಾನೆಲ್ ಕಾಣ್ತಿದೆಯಾ?"

"ಅದು ಹೇಗೆ ಕಾಣುತ್ತೆ, ಮರ ಅಡ್ಡ…" ಎಂದವರು ಅಲ್ಲಿಗೇ ನಿಂತರು.

"ಅಲ್ಲಾ ರೀ, ಒದ್ದೆ ಬಟ್ಟೇನ ನೆರಳಲ್ಲಿ ಹರವಿ, ಯಾಕೆ ಒಣಗ್ಲಿಲ್ಲ ಅಂತ ಸೋಪಿನ ಅಂಗಡಿಯವಳ ಹತ್ರ ಜಗಳಕ್ಕೆ ಹೋದ್ರಲ್ಲ ನೀವು" ಎಂದ ಅಕ್ಕ, ಇನ್ನು ತಡೆಯಲಾಗದೆ ಟ್ಯಾಂಕಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಡ್ರೈವರನ್ನು ಬೈಯಬೇಡಿ. ಬಸ್ಸಿನವರಿಗೆ ನೆರಳೆಂದರೆ ಏನೆಂದು ನಿಮಗೂ ನನಗೂ ಗೊತ್ತಾಗುವುದಿಲ್ಲ. ಸೀಟು ಸುಟ್ಟರೆ ಪ್ರಯಾಣಿಕರು ಡ್ರೈವರ ಮೇಲೆ ಹಾಯುತ್ತಾರೆ, ಸ್ಟಿಯರಿಂಗ್ ಕಾದರೆ ಅಂಗೈ ಬೊಬ್ಬೆ. ದಾರಿಯುದ್ದಕ್ಕೂ ಯಾವ ಮರ ಯಾವ ಹೊತ್ತಿಗೆ ಎಷ್ಟು ನೆರಳು ಕೊಡುತ್ತದೆಂದು ಅವರಿಗೆ ಬಾಯಿಪಾಠ. ಮರ ಕಂಡರೆ ಅವರ ಕೈ ತಾನಾಗಿ ಸ್ಟಿಯರಿಂಗ್ ತಿರುಗಿಸುತ್ತಿತ್ತು. ಗಾಡಿಯನ್ನು ನೆರಳಿಗೆ ಹಾಕದೆ ಇಳಿದದ್ದು ಅವರ ಜೀವಮಾನದಲ್ಲೇ ಇಲ್ಲ. ಅಂಗಡಿಯ ಬಯಲಿನಲ್ಲಿ ಮರವೇ ಇರಲಿಲ್ಲ, ಅದಕ್ಕೇ ಅಲ್ಲಿ ಜ್ವರ ಬಿಡುತ್ತಿದ್ದದ್ದು.

ಆ ಕೂಡಲೇ ಗಾಡಿಯನ್ನು ಬಿಸಿಲಿಗೆ ಎಳೆದು ನಿಲ್ಲಿಸಿದರು. ಪುಟ್ಟ ಸೂರ್ಯ ಮೂಡಿದ. ಆದರೆ ಒಳಗೆ ಮಾತ್ರ ಬೇಕರಿಯ ಒಲೆ. ಬ್ರೆಡ್ಡಿನ ವಾಸನೆ ಗಮ್ಮೆಂದು ಎದ್ದು, ಮಂಚ ಮುಟ್ಟಿದರೆ ಕೈ ಸುಡುತ್ತಿತ್ತು. ಅಕ್ಕ ಊಟಕ್ಕೆ ಬಡಿಸಿ, ಕೈ ತೊಳೆದು ಹೊರಗೆ ಬಂದರೆ ವ್ಯಾನು ಮತ್ತೆ ಮರದ ಕೆಳಗೆ.

"ಯಾರು ಸರಿಸಿದ್ದು?"

ಡ್ರೈವರು ತಮ್ಮ ಕೈಯನ್ನೇ ನೋಡಿಕೊಂಡರು. "ನಾನೇ ಇರ್ಬೇಕು" ಎಂದರು ಸಣ್ಣಗೆ. "ಬಿಸಿಲಲ್ಲಿ ಒಣಗ್ತಿತ್ತಲ್ಲೇ ಪಾಪ."

ಆ ಗಳಿಗೆಯಲ್ಲಿ ಅಕ್ಕ ತೀರ್ಮಾನ ಮಾಡಿಬಿಟ್ಟಳು. ಈ ಮನುಷ್ಯನನ್ನು ಈ ವಯಸ್ಸಿನಲ್ಲಿ ಬದಲಾಯಿಸುವ ಕೆಲಸಕ್ಕೆ ಅವಳು ಕೈ ಹಾಕುವವಳಲ್ಲ. ಬದಲಾಗಬೇಕಾದ್ದು ಪ್ಯಾನೆಲ್ಲು. ಗಾಡಿ ನೆರಳಲ್ಲಿ ತಣ್ಣಗೆ ಇರಲಿ, ಬಿಸಿಲಿಗೆ ಬೇರೆ ಯಾರಾದರೂ ಹೋಗಲಿ. ಬಿಸಿಲಿಗೆ ಹೋಗುವುದು ಯಾರಿಗೆ ಗೊತ್ತು? ಅವಳಿಗೇ ಗೊತ್ತು!

ಈ ಸಲ ಅಂಗಡಿಗೆ ಹೋಗುವಾಗ ಚಪ್ಪಲಿ ಜೋಡಿಯಾಗಿತ್ತು. ಸಂಗತಿ ಕೇಳಿ ಒಡತಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಳು. "ನಾನೂ ಎಂಥಾ ದಡ್ಡಿ ಅಕ್ಕ. ವೈರೆಲ್ಲ ಎಳೆದು ನೋಡಿದೆ, ಮನೇಲಿ ಗಾಡಿ ಎಲ್ಲಿ ನಿಲ್ಲುತ್ತೆ ಅಂತ ಕೇಳಲೇ ಇಲ್ಲ." ನೀರಿನ ಪೈಪನ್ನು ಒಂದು ಕಡೆ ತುಳಿದರೆ ಇಡೀ ಪೈಪಿನ ನೀರು ಕಟ್ಟಿಕೊಳ್ಳುವ ಹಾಗೆ, ಪ್ಯಾನೆಲ್ಲಿನ ಒಂದು ಮೂಲೆಗೆ ಕೊಂಬೆಯ ನೆರಳು ಬಿದ್ದರೂ ಸಾಕು, ಉಳಿದದ್ದೂ ಸೊರಗುತ್ತದೆಂದು ವಿವರಿಸಿದಳು. ಗಾಜಿನವನ್ನು ಬಿಚ್ಚಿಕೊಂಡು, ಮಡಚುವ ಪ್ಯಾನೆಲ್ಲುಗಳನ್ನೂ ಉದ್ದನೆಯ ವೈರಿನ ಸುರುಳಿಯನ್ನೂ ಕೊಟ್ಟಳು. ಡ್ರೈವರು ಈ ಸಲ ಬೋಲ್ಟಿನ ಸುದ್ದಿಯನ್ನು ಎತ್ತಲೇ ಇಲ್ಲ.

ಮನೆಗೆ ಬಂದವಳೇ ಅಕ್ಕ ಸೆರಗು ಸಿಕ್ಕಿಸಿದಳು. ವ್ಯಾನು ಮರದಡಿಗೆ, ಪ್ಯಾನೆಲ್ಲು ಬೀದಿಯಂಚಿನ ಬಿಸಿಲಿಗೆ. ಬಿಸಿಲು ಸರಿದ ಹಾಗೆ ಗೇಟಿನ ಹತ್ತಿರ, ಅಲ್ಲಿಂದ ಎದುರು ಮನೆಯ ಗೋಡೆಯ ಬುಡಕ್ಕೆ. ಎದುರು ಮನೆಯವರು ಏನು ಮಾಡ್ತಿದ್ದೀರಿ ಎಂದು ಕೇಳಿದರೆ, "ಕರೆಂಟು ಒಣಹಾಕ್ತಿದ್ದೀನಿ" ಎಂದಳು. ಸಂಜೆಗೆ ಹಸಿರು ಪಟ್ಟಿ ತುಂಬಿ ನಿಂತಿತ್ತು. ಒಂದು ರಾತ್ರಿ ದಾಟಿತು. ಮರುಹಗಲು ಮತ್ತೆ ತುಂಬಿತು. ಎರಡನೆಯ ರಾತ್ರಿಯೂ ದಾಟಿತು. ಬೆಳಿಗ್ಗೆ ಮಗಳು ಬಂದು ಮೀಟರು ನೋಡಿದಳು, ಬ್ಯಾಟರಿಯಲ್ಲಿ ಇನ್ನೂ ಕಾಲು ಭಾಗ ಉಳಿದಿತ್ತು. ಕ್ಯಾಂಟೀನಿನವನು ಗಾಡಿ ಒಯ್ಯಲು ಬಂದು ಗೇಟಿನಲ್ಲೇ ನಿಂತಿದ್ದ. "ಅಣ್ಣಾ, ನೀವು ಬೇರೆ ಗಾಡಿ ನೋಡ್ಕೊಳ್ಳಿ" ಎಂದಳು ಮಗಳು. ಆಮೇಲೆ ಅಪ್ಪನ ಕೊರಳಿಗೆ ಜೋತುಬಿದ್ದು, "ತಲುಪಿದ ತಕ್ಷಣ ಫೋನ್ ಮಾಡಿ" ಅಂತ ಒಂದೇ ಮಾತನ್ನು ಹತ್ತಾರು ಸಲ ಹೇಳಿದಳು.

ಹೊರಟದ್ದು ಹಬ್ಬವೇ ಸರಿ. ಡ್ರೈವರು ತಿರುವು ಬಂದಲ್ಲೆಲ್ಲ, ಇಲ್ಲಿ ಬ್ರೇಕು ಕೈಕೊಟ್ಟಿತ್ತು, ಇಲ್ಲಿ ಒಬ್ಬಳಿಗೆ ಹೆರಿಗೆ ನೋವು ಬಂದಿತ್ತು ಅಂತ ಹೇಳುತ್ತಲೇ ಹೋದರು. ಅಕ್ಕ ಕಿಟಕಿಯಿಂದ ತಲೆ ಹೊರಹಾಕಿ ಬೈಸಿಕೊಂಡಳು. ಕೆರೆ ಬಂತು. ದಂಡೆಯಲ್ಲಿ ಉದ್ದಕ್ಕೂ ಬಯಲು, ಬಯಲಿನಲ್ಲಿ ಒಂದೇ ಒಂದು ದೊಡ್ಡ ಮರ. ವ್ಯಾನು ಎಲ್ಲಿಗೆ ಹೋಗಿ ನಿಂತಿತೆಂದು ಹೇಳಬೇಕೆ?

ಅಕ್ಕ ಪ್ಯಾನೆಲ್ಲನ್ನು ಹೊತ್ತು ಬಯಲಿಗೆ ನಡೆದು ಹಾಸಿದಳು. ಗಾಳಿ ಬೀಸಿ ಅದರ ಅಂಚು ಎದ್ದಿತು. ಅವಳು ವ್ಯಾನಿಗೆ ಹೋಗಿ, ಮಂಚದ ಅಡಿಯಿಂದ ಸೀರೆ ಸುತ್ತಿಟ್ಟ ಏನನ್ನೋ ತಂದು ಅಂಚಿನ ಮೇಲಿಟ್ಟಳು. ಹಳೆಯ ಕಬ್ಬಿಣದ ಇಸ್ತ್ರಿಪೆಟ್ಟಿಗೆ.

"ಬೇಡ ಅಂದಿದ್ನಲ್ಲೇ!"

"ಕರೆಂಟಿಗೆ ಹಾಕ್ಬೇಡಿ ಅಂದ್ರು ಅಂಗಡಿಯವ್ರು. ತರಬೇಡ ಅಂತ ಯಾರೂ ಅನ್ನಲಿಲ್ಲ."

ಸಂಜೆಗೆ ಹಸಿರು ಪಟ್ಟಿ ತುಂಬಿತು. ಡ್ರೈವರು ಮಾಸ್ಕು ಹಾಕಿಕೊಳ್ಳುವ ಮುಂಚೆ, "ಜಾವಕ್ಕೆ ನಾನೇ ಎಬ್ಬಿಸ್ತೀನಿ, ಇಲ್ಲಿ ನನಗೆ ತಾನಾಗೇ ಎಚ್ಚರ ಆಗುತ್ತೆ, ಗಡಿಯಾರ ಬೇಡ" ಎಂದು ಹೆಮ್ಮೆಯಿಂದ ಹೇಳಿ ಮಲಗಿದರು.

ಎಚ್ಚರವಾದದ್ದು ಅಕ್ಕನಿಗೆ. ಲಾಂಡ್ರಿಯವರಿಗೆ ಆ ಹೊತ್ತಿಗೆ ಎಚ್ಚರವಾಗುವುದು ದೊಡ್ಡದಲ್ಲ. ಹೊದಿಕೆ ಸುತ್ತಿಕೊಂಡು ಇಳಿದಳು. ನೀರು ಕಾಣಲೇ ಇಲ್ಲ, ಬರೀ ಮಂಜು. ಅವಳ ಮೈ ಜುಮ್ಮೆಂದಿತು. ಅವರು ಹೇಳಿದ ಹಾಗೇ! ಎಲ್ಲೋ ಒಂದು ಹಕ್ಕಿ ರೆಕ್ಕೆ ಬಡಿಯಿತು. ಅಕ್ಕ ಓಡಿಹೋಗಿ ವ್ಯಾನು ಹತ್ತಿ, ಗಂಡನನ್ನು ಎಬ್ಬಿಸಲು ಭುಜದ ಕಡೆಗೆ ಕೈ ಚಾಚಿದಳು.

ಡ್ರೈವರು ಗಾಢವಾದ ನಿದ್ದೆಯಲ್ಲಿದ್ದರು. ಹಣೆಯಲ್ಲಿ ಒಂದು ಗೆರೆಯೂ ಇಲ್ಲ. ಮೆಷಿನು ಮೆತ್ತಗೆ ಉಸಿರಾಡುತ್ತಿತ್ತು, ಅದರ ಜೊತೆಗೆ ಅವರ ಎದೆ ಏರುತ್ತ ಇಳಿಯುತ್ತಿತ್ತು. ಇಲ್ಲಿ ನನಗೆ ತಾನಾಗೇ ಎಚ್ಚರ ಆಗುತ್ತೆ ಅಂದಿದ್ದರಲ್ಲ, ಯಾಕೆ ಆಗಲಿಲ್ಲ ಎಂದುಕೊಂಡಳು ಅಕ್ಕ. ಆಗ, ಡಾಕ್ಟರ ಕೋಣೆಯಲ್ಲಿ ಕಿವಿಗೆ ಬಿದ್ದು ಅಲ್ಲೇ ಉಳಿದಿದ್ದ ಮಾತು ಇಷ್ಟು ದಿನಗಳ ಮೇಲೆ ಮನಸ್ಸಿಗೆ ಇಳಿಯಿತು. ಬಸ್ಸಿನ ಕಾಲದಿಂದಲೂ ಇದೆ. ಬೆಳಗಿನ ಜಾವ ಯಾರೋ ಕತ್ತು ಹಿಸುಕಿದ ಹಾಗಾಗಿ ಎದ್ದುಬಿಡ್ತಿದ್ದೆ.

ಅಂದರೆ ಇವರು ಈ ದಂಡೆಯಲ್ಲಿ ಒಂದು ದಿನವೂ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಉಸಿರು ಕಟ್ಟಿ, ಒಬ್ಬರೇ, ಕತ್ತಲಲ್ಲಿ ಎದ್ದು ಕೂತಿದ್ದಾರೆ. ಆಮೇಲೆ ಬೆಳಕಾಗಿದೆ. ಮನೆಗೆ ಬಂದು ಉಸಿರಿನ ಸುದ್ದಿಯನ್ನು ಎತ್ತಿಯೇ ಇಲ್ಲ. ಮಂಜನ್ನೂ ಹಕ್ಕಿಯನ್ನೂ ಕೆಂಪು ನೀರನ್ನೂ ಮಾತ್ರ ಅವಳಿಗೆಂದು ತಂದುಕೊಟ್ಟಿದ್ದಾರೆ. ಅವಳೋ ಇಸ್ತ್ರಿ ತಿಕ್ಕುತ್ತ ಮೈ ಉರಿಸಿಕೊಂಡಿದ್ದಳು.

ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಜಾರಿದ್ದ ಹೊದಿಕೆಯನ್ನು ಅವರ ಎದೆಯವರೆಗೆ ಎಳೆದಳು. ಹೊರಗೆ ಬಂದು ದಂಡೆಯ ಮೇಲೆ ಕೂತು, ಒಂದನ್ನೂ ಬಿಡದೆ ನೋಡಿದಳು. ಕಣ್ಣು ತುಂಬಿ ಬಂದಾಗಲೆಲ್ಲ ಬೇಗ ಬೇಗ ಒರೆಸಿಕೊಂಡಳು, ಏನಾದರೂ ತಪ್ಪಿಹೋದೀತೆಂದು.

ಡ್ರೈವರು ಎದ್ದಾಗ ಬಿಸಿಲು ಚೆನ್ನಾಗಿ ಏರಿತ್ತು. ಕೆನ್ನೆಯ ಮೇಲೆ ಮಾಸ್ಕಿನ ಗುರುತು, ಕೂದಲು ಕೆದರಿ ಹೋಗಿತ್ತು. ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದರು.

"ಅಯ್ಯೋ, ಆಗ್ಲೇ ಆಗ್ಹೋಯ್ತಾ? ಎಬ್ಬಿಸ್ಬಾರ್ದಿತ್ತೇನೇ?"

ಅಕ್ಕ ಚಹಾದ ಲೋಟವನ್ನು ಅವರ ಕೈಗಿಟ್ಟು, ಪಕ್ಕದಲ್ಲಿ ಕೂರಿಸಿಕೊಂಡಳು.

"ಕೇಳಿ. ಮೊದ್ಲು ನೀರು ಕಾಣೋದೇ ಇಲ್ಲ ರೀ. ಬರೀ ಮಂಜು. ಆಮೇಲೆ ಎಲ್ಲೋ ಒಂದು ಹಕ್ಕಿ ರೆಕ್ಕೆ ಬಡೀತು…" ಎಂದು ಶುರುಮಾಡಿ ಕೊನೆಯವರೆಗೂ ಹೇಳಿದಳು. ಡ್ರೈವರು ಮೊದಲ ಸಲ ಕೇಳುವವರ ಹಾಗೆ ಬಾಯಿ ಬಿಟ್ಟು ಕೇಳಿದರು. ಚಹಾ ಆರಿಹೋಯಿತು.

"ನೀವಿರಬೇಕಿತ್ತು ರೀ" ಎಂದಳು ಅಕ್ಕ.

"ಇಲ್ಲೇ ಇದ್ನಲ್ಲೇ."

"ಹೂಂ. ಇದ್ರಿ. ಚೆನ್ನಾಗಿ ನಿದ್ದೆ ಮಾಡ್ತಿದ್ರಿ."

ಡ್ರೈವರು ಅವಳ ಮುಖವನ್ನೇ ನೋಡಿದರು. ಏನೋ ತಿಳಿಯಿತೆಂದು ತೋರುತ್ತದೆ, ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟರು. "ನಾಳೆಗೂ ಇಲ್ಲೇ ಇರೋಣ್ವಾ?" ಎಂದು ಕೇಳಿದರು.

ಮರದ ನೆರಳು ಸರಿದು ಪ್ಯಾನೆಲ್ಲಿನ ಅಂಚಿಗೆ ಬಂದಿತ್ತು. ಅಕ್ಕ ಎದ್ದುಹೋಗಿ ಇಸ್ತ್ರಿಪೆಟ್ಟಿಗೆಯನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಪ್ಯಾನೆಲ್ಲನ್ನು ಬಿಸಿಲಿಗೆ ಎಳೆದಳು.